ಇಂಗೆಮನ್ ಮೇಷ್ಟ್ರೂ ನಮ್ಮ ಮೇಷ್ಟ್ರೂ

ಕೋಪನ್‌ಹೇಗನ್‌ನಲ್ಲಿರುವ ಮೊಮ್ಮಗಳು ಶಾಲೆಯಲ್ಲಿ ಕಲಿತ ಹಾಡನ್ನು ಹಾಡಿ ಭಾಗ್ಯಕ್ಕನ ಫೋನಿಗೆ ಕಳಿಸಿದ್ದಳು. ಪೂರ್ವದಲ್ಲಿ ಸೂರ್ಯ ಹುಟ್ಟುತ್ತಾನೆ ಅಂತ ಶುರುವಾಗುವ ಬೆಳಗಿನ ಹಾಡು. ನಾವು ಮೂವರೂ ತಲೆದೂಗಿದೆವು. ಒಂದಕ್ಷರ ಅರ್ಥವಾಗಿರಲಿಲ್ಲ, ಆ ಮಾತು ಬೇರೆ.

"ಯಾರು ಬರೆದಿದ್ದು ಅಕ್ಕಾ?" ಅಂತ ರಾಜು ಕೇಳಿದ.

"ಬರ್ನ್‌ಹಾರ್ಡ್ ಸೆವೆರಿನ್ ಇಂಗೆಮನ್. ಪುಣ್ಯಾತ್ಮ ಕಾದಂಬರಿಗಳನ್ನೂ ಬರೆದಿದ್ದಾನೆ."

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. "ಆ ಸುಳ್ಳುಗಾರನಾ?"

ನಮ್ಮ ಮೇಷ್ಟ್ರು ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ನಿವೃತ್ತರಾದವರು. ಮದುವೆ ಕಾಗದದಲ್ಲಿ ಸಂವತ್ಸರ ತಪ್ಪಿದ್ದರೆ ಕೆಂಪು ಪೆನ್ನಿನಲ್ಲಿ ತಿದ್ದಿ ಹುಡುಗಿಯ ತಂದೆಗೇ ವಾಪಸ್ ಕೊಡುತ್ತಾರೆ. ಊಟ ಮಾತ್ರ ತಪ್ಪಿಸುವುದಿಲ್ಲ.

"ಸುಳ್ಳುಗಾರ ಅಂತ ಆಮೇಲೆ ಅನ್ನಿ, ಮೊದಲು ಕೇಳಿ," ಎಂದರು ಭಾಗ್ಯಕ್ಕ. "1789ರಲ್ಲಿ ಡೆನ್ಮಾರ್ಕಿನ ಫಾಲ್‌ಸ್ಟರ್ ದ್ವೀಪದಲ್ಲಿ ಹುಟ್ಟಿದ. ತಂದೆ ಪಾದ್ರಿ, ಬೇಗ ತೀರಿಕೊಂಡರು. ಇವನು ಕಾನೂನು ಓದಲು ಹೋದ. ಮುಗಿಸಲಿಲ್ಲ."

"ಕವಿತೆ ಬರೆಯೋಕೆ ಕೂತಿರ್ತಾನೆ," ಎಂದ ರಾಜು.

"ಹೌದು ಕಣೋ. 1811ರಲ್ಲಿ ಮೊದಲ ಸಂಕಲನ ಬಂತು. ಜನ ಮೆಚ್ಚಿಕೊಂಡರು. ಮಾರನೇ ವರ್ಷ ಲೂಸಿ ಅನ್ನೋ ಹುಡುಗಿ ಜೊತೆ ನಿಶ್ಚಿತಾರ್ಥ ಆಯಿತು. ಮದುವೆ ಯಾವಾಗ ಹೇಳು?"

"ಮುಂದಿನ ಮಾಘದಲ್ಲಿ?"

"1822ರಲ್ಲಿ."

ರಾಜು ಬೆರಳು ಮಡಚಿ ಎಣಿಸಿದ. ಎರಡೂ ಕೈ ಖಾಲಿಯಾದವು. ಅಷ್ಟು ವರ್ಷ ಆ ಹುಡುಗಿಯ ಮನೆಯವರಿಗೆ "ಅಳಿಯಂದಿರು ಏನು ಮಾಡ್ಕೊಂಡಿದ್ದಾರೆ?" ಅಂತ ಎಷ್ಟು ಜನ ಕೇಳಿರಬೇಡ! ಕೊನೆಗೆ ಅದೇ ವರ್ಷ ಸೊರೊ ಎಂಬ ಊರಿನ ಅಕಾಡೆಮಿಯಲ್ಲಿ ಡ್ಯಾನಿಶ್ ಭಾಷೆ, ಸಾಹಿತ್ಯ ಕಲಿಸುವ ಕೆಲಸ ಸಿಕ್ಕಿತು. ಓಲಗ ಊದಿಸಿದ್ದು ಆಗಲೇ.

"ನೋಡಿದಿರಾ, ಮೇಷ್ಟ್ರ ಕೆಲಸದ ಮಹಿಮೆ!" ಎಂದರು ಮೇಷ್ಟ್ರು. ಸುಳ್ಳುಗಾರನ ಮೇಲೆ ಸ್ವಲ್ಪ ಕನಿಕರ ಹುಟ್ಟಿದಂತಿತ್ತು.

ಸೊರೊ ಕೆರೆದಂಡೆಯ ಚಿಕ್ಕ ಊರು. ಲೂಸಿ ಚಿತ್ರ ಬರೆಯುತ್ತಿದ್ದಳು, ಇವನು ಪುಸ್ತಕ ಬರೆಯುತ್ತಿದ್ದ. ಹತ್ತಿರದ ಸ್ಲಾಗೆಲ್ಸೆಯಲ್ಲಿ ಓದುತ್ತಿದ್ದ ಒಬ್ಬ ಉದ್ದ ಕಾಲಿನ ಬಡಹುಡುಗ ಆಗಾಗ ಇವರ ಮನೆಗೆ ಬರುತ್ತಿದ್ದ. ಅವನ ಶಾಲೆಯ ಹೆಡ್‌ಮಾಸ್ಟರು ಕವಿತೆ ಬರೆದರೆ ಬೈಯುತ್ತಿದ್ದರು, ಈ ಮನೆಯಲ್ಲಿ ಬೈಯುವವರಿರಲಿಲ್ಲ. ಹುಡುಗನ ಹೆಸರು ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್. ಮುಂದೆ ಅವನ ಕಿನ್ನರ ಕಥೆಗಳು ಲೋಕವನ್ನೆಲ್ಲ ಸುತ್ತಿದವು.

"ಈ ಹಾಡು ಯಾವಾಗಿನದು?" ಎಂದೆ ನಾನು.

"1837. ಮಕ್ಕಳಿಗೆ ಅಂತಲೇ ಬೆಳಗಿನ ಹಾಡುಗಳನ್ನು ಬರೆದ. ವೈಸೆ ಅನ್ನೋರು ರಾಗ ಹಾಕಿದರು. ಇವತ್ತಿಗೂ ಶಾಲೆಯಲ್ಲಿ ಹಾಡ್ತಾರೆ. 1850ರಲ್ಲಿ ಬರೆದ ಇನ್ನೊಂದಿದೆ, 'ಭೂಮಿ ಚೆಂದ' ಅಂತ. ಅದನ್ನು ಕ್ರಿಸ್‌ಮಸ್‌ಗೂ ಹಾಡ್ತಾರೆ, ಮಣ್ಣು ಮಾಡುವಾಗಲೂ ಹಾಡ್ತಾರೆ."

"ಎರಡಕ್ಕೂ ಒಂದೇ? ಪುರೋಹಿತರಿಗೆ ಎಷ್ಟು ಅನುಕೂಲ!" ಎಂದ ರಾಜು.

ಗಂಡಹೆಂಡತಿಗೆ ಮಕ್ಕಳಿರಲಿಲ್ಲ. ಆದರೆ 1859ರಲ್ಲಿ, 70 ತುಂಬಿದಾಗ, ಡೆನ್ಮಾರ್ಕಿನ ಶಾಲೆ ಮಕ್ಕಳು ಚಿಲ್ಲರೆ ಕಾಸು ಕೂಡಿಸಿ ಇವನಿಗೊಂದು ಚಿನ್ನದ ಕೊಂಬು ಮಾಡಿಸಿಕೊಟ್ಟರು. ಇವನ ಕೃತಿಗಳ ಚಿತ್ರಗಳನ್ನು ಅದರ ಮೇಲೆ ಕೆತ್ತಿಸಿದ್ದರು. ರಾಜು ನಮ್ಮ ಬಡಾವಣೆಯ ಗಣೇಶೋತ್ಸವದ ಖಜಾಂಚಿ. ಅವನ ಕಣ್ಣು ತುಂಬಿ ಬಂತು. "ದೇಶದ ಮಕ್ಕಳೆಲ್ಲ ಕೊಟ್ಟರಾ? ನಮ್ಮಲ್ಲಿ ಎರಡನೇ ಕ್ರಾಸಿನವರೇ ಇನ್ನೂ ಕೊಟ್ಟಿಲ್ಲವಲ್ಲ ಅಕ್ಕಾ!"

"ಚಿನ್ನದ ಕೊಂಬು ಅಂದರೆ ಹುಷಾರು," ಎಂದರು ಮೇಷ್ಟ್ರು. "ಆ ದೇಶದ ಪುರಾತನ ಕೊಂಬುಗಳೆರಡನ್ನು 1802ರಲ್ಲಿ ಒಬ್ಬ ಅಕ್ಕಸಾಲಿ ಕದ್ದು ಕರಗಿಸಿಬಿಟ್ಟ. ಅದಿರಲಿ, ಕಾದಂಬರಿಗೆ ಬನ್ನಿ. ಅಲ್ಲಿದೆ ಇವನ ಅಪರಾಧ."

ಅಪರಾಧ ದೊಡ್ಡದೇ. ಐತಿಹಾಸಿಕ ಕಾದಂಬರಿಗಳ ವಾಲ್ಟರ್ ಸ್ಕಾಟ್‌ನನ್ನು ಓದಿ ಹುರುಪು ಬಂದು, 1826ರಿಂದ 1835ರೊಳಗೆ ಡೆನ್ಮಾರ್ಕಿನ ಹಳೆಯ ರಾಜರ ಮೇಲೆ ನಾಲ್ಕು ದಪ್ಪ ಕಾದಂಬರಿ ಬರೆದ. ವಾಲ್ಡೆಮಾರ್, ಎರಿಕ್, ಮತ್ತೆ ಎರಿಕ್, ಆಮೇಲೆ ಒಟ್ಟೊ. ಮೊದಲನೆಯದು 1841ರಲ್ಲೇ ಇಂಗ್ಲಿಷಿಗೂ ಹೋಯಿತು. ಮೊಲ್ಬೆಕ್ ಎಂಬ ಇತಿಹಾಸಕಾರ ಇದು ಚರಿತ್ರೆಯೇ ಅಲ್ಲ ಅಂತ ಝಾಡಿಸಿದ. ಇಂಗೆಮನ್ ದಾಖಲೆಗಿಂತ ಲಾವಣಿಯನ್ನೇ ಜಾಸ್ತಿ ನಂಬಿದ್ದ ಅನ್ನೋದು ನಿಜ. ಓದುಗರು ಮೊಲ್ಬೆಕ್ ಹೇಳಿದ್ದನ್ನು ಕೇಳಿಸಿಕೊಂಡರು, ಕಾದಂಬರಿ ಓದಿದರು. ರೈತರ ಮನೆಗಳಲ್ಲೂ ಓದಿದರು. ನನ್ನನ್ನು ಕೇಳಿದರೆ ಇಬ್ಬರೂ ಅವರವರ ಕೆಲಸವನ್ನು ಸರಿಯಾಗಿಯೇ ಮಾಡಿದ್ದಾರೆ. ಮೊಲ್ಬೆಕ್‌ಗೆ ಮಾತ್ರ ಯಾರೂ ಕೊಂಬು ಮಾಡಿಸಲಿಲ್ಲ.

"ಲಾವಣಿ ನಂಬಿದರೆ ಏನಾಗತ್ತೆ ಗೊತ್ತಾ?" ಮೇಷ್ಟ್ರು ಕುರ್ಚಿ ಮುಂದಕ್ಕೆಳೆದರು. "1286, ನವೆಂಬರ್ 22ರ ರಾತ್ರಿ. ರಾಜ ಎರಿಕ್ ಗ್ಲಿಪ್ಪಿಂಗ್ ಬೇಟೆಯಾಡಿ ದಣಿದು ಫಿಂಡೆರುಪ್ ಅನ್ನೋ ಹಳ್ಳಿಯ ಕಣಜದಲ್ಲಿ ಮಲಗಿದ್ದಾನೆ. ಸುತ್ತ ಕತ್ತಲು. ಸೇನಾಪತಿ ಸ್ಟಿಗ್‌ಗೆ ಒಳಗೊಳಗೇ ಉರಿ, ತನ್ನ ಹೆಂಡತಿಯ ಮಾನ ಕಳೆದವನು ಈ ರಾಜ ಅಂತ."

ರಾಜು ಬಾಯಿ ತೆರೆದುಕೊಂಡು ಕೂತ.

"ಬೂದು ನಿಲುವಂಗಿಯ ಸನ್ಯಾಸಿಗಳು ಒಬ್ಬೊಬ್ಬರಾಗಿ ಬರುತ್ತಾರೆ. ತಲೆ ಮೇಲೆ ಮುಸುಕು. ನಿಲುವಂಗಿಯೊಳಗೆ ಏನಿದೆ? ಕತ್ತಿ!"

"ಮೇಷ್ಟ್ರೇ," ಎಂದರು ಭಾಗ್ಯಕ್ಕ ಮೆಲ್ಲಗೆ, "ಕೊಂದವರು ಯಾರು ಅಂತಲೇ ಇವತ್ತಿಗೂ ಇತ್ಯರ್ಥವಾಗಿಲ್ಲವಂತೆ. ಹೆಂಡತಿಯ ಕಥೆ, ಸನ್ಯಾಸಿ ವೇಷ, ಇವೆಲ್ಲ ಯಾವ ದಾಖಲೆಯಲ್ಲಿವೆ?"

"ಸುಮ್ನಿರಿ ಭಾಗ್ಯಕ್ಕ, ನಡುವೆ ಬಾಯಿ ಹಾಕಬೇಡಿ. ಕೊಲೆ ಇನ್ನೂ ಆಗಿಲ್ಲ."