ಮೂಗಿನ ಸುದ್ದಿಯೂ ಎಂಟು ಲೋಟ ನೀರೂ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಕಟ್ಟುಪಾಡಿದೆ. ಮನೆಯೊಳಗೆ ಹವ್ಯಕ ಕನ್ನಡ, ತೋಟದಲ್ಲಿ ತುಳು, ಕಾಸರಗೋಡು ಪೇಟೆಗೆ ಇಳಿದರೆ ಮಲಯಾಳ ಮಾತನಾಡುವ ನಾವೆಲ್ಲರೂ ಗುಂಪಿನಲ್ಲಿ ಮಾತ್ರ ಪುಸ್ತಕದ ಕನ್ನಡದಲ್ಲಿ, ಕನ್ನಡ ಲಿಪಿಯಲ್ಲಿ, ಪೂರ್ಣ ವಾಕ್ಯಗಳಲ್ಲಿ ಬರೆಯಬೇಕು. ಕನ್ನಡ ಮಾಧ್ಯಮ ಶಾಲೆಯಲ್ಲಿ ಅಧ್ಯಾಪಕರಾಗಿದ್ದು ನಿವೃತ್ತರಾದ ನೀರ್ಚಾಲಿನ ದೊಡ್ಡಪ್ಪ ವಿಧಿಸಿದ ನಿಯಮವಿದು. ಹಾಗಾಗಿ ನಮ್ಮ ಜಗಳಗಳೂ ಪತ್ರಿಕೆಯ ಸಂಪಾದಕರಿಗೆ ಬರೆದ ಕಾಗದಗಳಂತೆ ಕಾಣುತ್ತವೆ.

ಪೆರ್ಲದ ಭಾವ ಪ್ರತಿದಿನ ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು 'ಬೆಳಗಿನ ಬುತ್ತಿ' ಎಂಬ ತಲೆಬರಹದಲ್ಲಿ ಒಂದು ಆರೋಗ್ಯ ಸಲಹೆಯನ್ನೂ ಒಂದು ತಮಾಷೆಯ ಸುದ್ದಿಯನ್ನೂ ಎರಡು ಸಂದೇಶಗಳಾಗಿ ಹಂಚುತ್ತಾರೆ. ಮೊನ್ನೆ ಶನಿವಾರದ ಬುತ್ತಿ ಹೀಗಿತ್ತು.

ಸಲಹೆ: ಎದ್ದ ಕೂಡಲೇ ಬರಿಹೊಟ್ಟೆಯಲ್ಲಿ ನಾಲ್ಕು ಲೋಟ, ಮಲಗುವುದರೊಳಗೆ ಮತ್ತೆ ನಾಲ್ಕು ಲೋಟ ನೀರು ಕುಡಿದರೆ ಹೃದಯ, ಮೂತ್ರಪಿಂಡ, ಚರ್ಮ ಎಲ್ಲವೂ ಶುದ್ಧವಾಗುತ್ತವೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆಗಳನ್ನು ತಪ್ಪಿಸಬೇಡಿ.

ಸುದ್ದಿ: ಮಕ್ಕಳು ಮೂಗಿನೊಳಗೆ ಬೆರಳು ಹಾಕುವುದರ ಬಗ್ಗೆ ಸಂಶೋಧನೆ ನಡೆಸಿದ ಬೆಂಗಳೂರಿನ ಇಬ್ಬರು ವೈದ್ಯರಿಗೆ ನೊಬೆಲ್ ಪ್ರಶಸ್ತಿ!

ದೊಡ್ಡಪ್ಪ: ಅಳಿಯಂದಿರೇ, ಮೊದಲನೆಯ ಸಂದೇಶ ಎಲ್ಲರಿಗೂ ಹಿತವಾದದ್ದು, ಅದು ಇರಲಿ. ಎರಡನೆಯದನ್ನು ದಯವಿಟ್ಟು ಅಳಿಸಿಬಿಡಿ. ಭಾರತದಲ್ಲಿಯೇ ಕೆಲಸ ಮಾಡಿ ವಿಜ್ಞಾನದ ನೊಬೆಲ್ ಪಡೆದ ಭಾರತೀಯರು ಸರ್ ಸಿ.ವಿ. ರಾಮನ್ ಒಬ್ಬರೇ, ಅದೂ 1930ರಲ್ಲಿ, ಎಂಬುದನ್ನು ನಾನು ಎಷ್ಟೋ ತಂಡದ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಮೂಗಿನೊಳಗೆ ಬೆರಳು ಹಾಕುವುದಕ್ಕೆ ನೊಬೆಲ್ ಕೊಡುತ್ತಾರೆಂದು ಬರೆದವನು ಓದುವವರನ್ನು ಮೂರ್ಖರೆಂದು ತಿಳಿದಿರಬೇಕು.

ಚಿಕ್ಕಮ್ಮ: ನೀರ್ಚಾಲಿನ ದೊಡ್ಡ ಭಾವ ಹೇಳಿದ್ದು ಸರಿ. ತೆಳ್ಳವು ತಿನ್ನುತ್ತಾ ಮೊಬೈಲ್ ನೋಡಿದವಳು ಬಟ್ಟಲನ್ನು ಬದಿಗೆ ಸರಿಸಬೇಕಾಯಿತು.

ಭಾವ: ದೊಡ್ಡ ಮಾವ, ಅತ್ತೆ, ಕ್ಷಮೆ ಇರಲಿ. ಎರಡೂ ಅಡಿಕೆ ಬೆಳೆಗಾರರ ಗುಂಪಿನಲ್ಲಿ ಬಂದವು, ಅಲ್ಲಿಂದ ಇಲ್ಲಿಗೆ ದಾಟಿಸಿದೆ. ಆದರೆ ಒಂದು ಮಾತು ಹೇಳುತ್ತೇನೆ. ಬೆಳಗ್ಗೆ ಪತ್ರಿಕೆ ಬಿಡಿಸಿದರೆ ಮೊದಲ ಪುಟದಿಂದಲೇ ಅಪಘಾತ, ಕೊಲೆ, ಅಡಿಕೆ ಧಾರಣೆಯ ಕುಸಿತ ಎದುರಾಗುತ್ತವೆ. ಅದನ್ನೆಲ್ಲ ಓದುವ ಮೊದಲು ನಾಲ್ಕು ಜನ ಒಟ್ಟಿಗೆ ನಗುವಂಥದ್ದು ಒಂದಿರಲಿ ಎಂಬ ಉದ್ದೇಶದಿಂದ ನಾನು ಇದನ್ನು ನಡೆಸುತ್ತಿದ್ದೇನೆಯೇ ಹೊರತು ಯಾರ ತಿಂಡಿಯನ್ನೂ ಕೆಡಿಸಲು ಅಲ್ಲ.

ಚಿಕ್ಕಮ್ಮ: ನಗಿಸಲು ದೂರದ ಮೂಗುಗಳೇ ಆಗಬೇಕೇ? ಕುಂಬಳೆಯ ಹತ್ತಿರದ ಅನಂತಪುರದ ಕೆರೆಯಲ್ಲಿದ್ದ ಮೊಸಳೆ ಬಬಿಯಾ 2022ರ ಅಕ್ಟೋಬರ್ 9ರಂದು ತೀರಿಹೋಯಿತು. ಮರುವರ್ಷ ನವೆಂಬರ್‌ನಲ್ಲಿ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ತಾನಾಗಿ ಕಾಣಿಸಿಕೊಂಡಿತು. ಅಂಥದ್ದನ್ನು ಹಾಕಿದರೆ ನಾನು ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡು ಓದುತ್ತೇನೆ.

ಬೆಂಗಳೂರಿನ ತಮ್ಮ: ಚಿಕ್ಕಮ್ಮ, ದೇವಸ್ಥಾನದ ಕೆರೆಯಲ್ಲಿ ಮೊಸಳೆಯಿದೆ, ಅದಕ್ಕೆ ನೈವೇದ್ಯದ ಅನ್ನ ಹಾಕುತ್ತಾರೆ ಎಂದಾಗ ನನ್ನ ಇಲ್ಲಿನ ಸ್ನೇಹಿತರಲ್ಲಿ ಯಾರೂ ನಂಬಿರಲಿಲ್ಲ. ವಿಚಿತ್ರವೆಂಬ ಕಾರಣಕ್ಕೆ ಸುದ್ದಿ ಸುಳ್ಳಾಗುವುದಿಲ್ಲ. ಮೂಗಿನ ಸುದ್ದಿಯನ್ನೂ ಈಗ ಹುಡುಕಿ ನೋಡಿದೆ. ಅದು ಬಹುಮಟ್ಟಿಗೆ ನಿಜ, ಆದರೆ ಹಳತು, ಮತ್ತು ಪ್ರಶಸ್ತಿ ನೊಬೆಲ್ ಅಲ್ಲ, ಇಗ್ ನೊಬೆಲ್. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಚಿತ್ತರಂಜನ್ ಅಂದ್ರಾದೆ ಮತ್ತು ಡಾ. ಬಿ.ಎಸ್. ಶ್ರೀಹರಿ ಅವರಿಗೆ 2001ರಲ್ಲಿ ಅದು ಸಾರ್ವಜನಿಕ ಆರೋಗ್ಯ ವಿಭಾಗದಲ್ಲಿ ದೊರೆಯಿತು. ಶಾಲೆಗೆ ಹೋಗುವ 200 ಮಂದಿ ಹದಿಹರೆಯದವರನ್ನು ಪ್ರಶ್ನಿಸಿದಾಗ ಹೆಚ್ಚುಕಡಿಮೆ ಎಲ್ಲರೂ ಆ ಅಭ್ಯಾಸವನ್ನು ಒಪ್ಪಿಕೊಂಡರು, ಅದೂ ಸಾಮಾನ್ಯವಾಗಿ ದಿನಕ್ಕೆ 4 ಸಲ.

ದೊಡ್ಡಪ್ಪ: ಹಾಗಿದ್ದರೆ ಅದು ಗೇಲಿ ಮಾಡಲು ಕೊಡುವ ಪ್ರಶಸ್ತಿ. ನಮ್ಮ ವೈದ್ಯರನ್ನು ಹೊರದೇಶದವರು ವೇದಿಕೆಗೆ ಕರೆದು ನಕ್ಕದ್ದನ್ನು ನಾವು ಬೆಳಗ್ಗೆ ಬೆಳಗ್ಗೆ ಸಂಭ್ರಮಿಸಬೇಕೇ?

ಬೆಂಗಳೂರಿನ ತಮ್ಮ: ಗೇಲಿಯೊಂದೇ ಅದರ ಉದ್ದೇಶವಲ್ಲ, ದೊಡ್ಡಪ್ಪ. ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗಳಿಗೆ 1991ರಿಂದ ಅದನ್ನು ಕೊಡುತ್ತಾ ಬಂದಿದ್ದಾರೆ, ಮತ್ತು ನಿಜವಾದ ನೊಬೆಲ್ ಪಡೆದ ವಿಜ್ಞಾನಿಗಳೇ ಅದನ್ನು ವಿತರಿಸುವ ವಾಡಿಕೆಯಿದೆ. ಬಲವಾದ ಅಯಸ್ಕಾಂತದ ಮೇಲೆ ಜೀವಂತ ಕಪ್ಪೆಯನ್ನು ತೇಲಿಸಿದ್ದಕ್ಕಾಗಿ 2000ದಲ್ಲಿ ಇಗ್ ನೊಬೆಲ್ ಹಂಚಿಕೊಂಡ ಆಂದ್ರೆ ಗೈಮ್ ಅವರಿಗೇ 2010ರಲ್ಲಿ ಗ್ರಾಫೀನ್‌ಗಾಗಿ ಭೌತಶಾಸ್ತ್ರದ ನೊಬೆಲ್ ಬಂತು.

ದೊಡ್ಡಪ್ಪ: ಕಪ್ಪೆಯ ವಿಷಯ ಬೇರೆ, ಮೂಗಿನ ವಿಷಯ ಬೇರೆ.

ಇಷ್ಟಾಗುವಾಗ ಗಂಟೆ ಎಂಟಾಗಿತ್ತು. ಯಾರೂ ಮೊದಲನೆಯ ಸಂದೇಶದ ಸುದ್ದಿ ಎತ್ತಿರಲಿಲ್ಲ. ನೀರು, ನಡಿಗೆ ಎಂದರೆ ಕೈಮುಗಿಯುವ ವಿಷಯಗಳು, ಅವನ್ನು ಪ್ರಶ್ನಿಸುವುದು ನಮ್ಮ ಕಡೆ ಒಂದು ರೀತಿಯ ಉದ್ಧಟತನ. ಆದರೂ ನಾನು ಬರೆದೆ.

ನಾನು: ದೊಡ್ಡಪ್ಪ, ಮೂಗಿನ ಸುದ್ದಿಗೆ ಇಷ್ಟು ಸಾಕ್ಷಿ ಕೇಳಿದ ನಾವು ಎಂಟು ಲೋಟ ನೀರಿಗೆ ಒಂದನ್ನೂ ಕೇಳಲಿಲ್ಲ. ಅಮೆರಿಕದ ಆಹಾರ ಮತ್ತು ಪೌಷ್ಟಿಕತೆ ಮಂಡಳಿಯು ವಯಸ್ಕರಿಗೆ ದಿನಕ್ಕೆ 2.5 ಲೀಟರ್ ನೀರು ಬೇಕೆಂದು 1945ರಲ್ಲಿ ಹೇಳಿತ್ತು. ಎಂಟು ಲೋಟದ ಲೆಕ್ಕ ಹುಟ್ಟಿದ್ದು ಅಲ್ಲಿಂದಲೇ ಇರಬೇಕೆಂದು ಹಲವರು ಊಹಿಸುತ್ತಾರೆ. ಆದರೆ ಅದರಲ್ಲಿ ಬಹುಪಾಲು ನೀರು ತಿನ್ನುವ ಆಹಾರದಲ್ಲಿಯೇ ಇದೆ ಎಂದೂ ಅವರು ಅಲ್ಲಿಯೇ ಬರೆದಿದ್ದರು, ಆ ಮಾತು ಹೇಗೋ ಕಳೆದುಹೋಯಿತು. ಕುಚ್ಚಲಕ್ಕಿಯ ಗಂಜಿ, ಸೌತೆಕಾಯಿಯ ಕೊದಿಲು, ತಂಬುಳಿ, ಕೊನೆಗೆ ಮಜ್ಜಿಗೆ, ಇಷ್ಟನ್ನು ಉಣ್ಣುವ ನಮ್ಮ ಮನೆಗಳಲ್ಲಿ ಲೋಟ ಮುಟ್ಟುವ ಮೊದಲೇ ಎಷ್ಟು ನೀರು ಒಳಗೆ ಹೋಗಿರುತ್ತದೆ! ಮೂತ್ರಪಿಂಡದ ಕೆಲಸವನ್ನೇ ಜೀವಮಾನವಿಡೀ ಅಧ್ಯಯನ ಮಾಡಿದ ಹೈಂಜ್ ವಾಲ್ಟಿನ್ ಎಂಬ ಪ್ರಾಧ್ಯಾಪಕರು ಎಂಟು ಲೋಟಕ್ಕೆ ಆಧಾರವೆಲ್ಲಿದೆಯೆಂದು ಹುಡುಕಿ, ಆರೋಗ್ಯವಂತರ ಮಟ್ಟಿಗೆ ಅಂಥ ಆಧಾರ ಸಿಗಲಿಲ್ಲವೆಂದು 2002ರಲ್ಲಿ ಪ್ರಕಟಿಸಿದರು.

ದೊಡ್ಡಪ್ಪ: ನಾನೂ ಈಗ ಹುಡುಕಿ ಓದಿದೆ. ನೀನು ಹೇಳಿದ ಪ್ರಾಧ್ಯಾಪಕರ ಮಾತು ಸಮಶೀತೋಷ್ಣ ದೇಶದಲ್ಲಿ, ಹೆಚ್ಚಾಗಿ ಕುಳಿತೇ ಕೆಲಸ ಮಾಡುವ ಆರೋಗ್ಯವಂತರಿಗೆ ಅನ್ವಯಿಸುವಂಥದ್ದೆಂದು ಅವರೇ ಬರೆದಿದ್ದಾರೆ. ಎಪ್ರಿಲ್ ತಿಂಗಳ ಬಿಸಿಲಿನಲ್ಲಿ ತೋಟದ ತುಂಬ ಸ್ಪ್ರಿಂಕ್ಲರ್ ಪೈಪು ಹೊತ್ತು ತಿರುಗುವವನ ಬೆವರಿಗೆ ಆ ಲೆಕ್ಕ ನಿಲ್ಲುತ್ತದೆಯೇ? ಮನೆಗೆ ಬಂದವರಿಗೆ ಆಸರಿಂಗೆ, ಎಂದರೆ ಬಾಯಾರಿಕೆಗೆ, ಏನು ಬೇಕೆಂದು ಕೇಳಿ, ಬೆಲ್ಲ ನೀರು ಕೊಟ್ಟು, ಆಮೇಲೆ ಕುಶಲ ವಿಚಾರಿಸಿದ ಹಿರಿಯರು ದಡ್ಡರಾಗಿರಲಿಲ್ಲ.

ನಾನು: ಅದನ್ನೇ ನಾನೂ ಹೇಳುವುದು. ಪೈಪು ಹೊತ್ತವರಿಗೆ ಎಂಟು ಲೋಟ ಸಾಲದೇ ಹೋಗಬಹುದು, ಮಳೆಗಾಲದಲ್ಲಿ ಜಗಲಿಯಲ್ಲಿ ಕುಳಿತವರಿಗೆ ಅದು ಹೆಚ್ಚಾಗಬಹುದು. ಆಸರಾಯಿತೇ ಎಂದು ಕೇಳಿ ನೀರು ಕೊಡುವುದಕ್ಕೂ, ಆಸರಾಗಲಿ ಬಿಡಲಿ ಎಂಟು ಲೋಟ ಕುಡಿ ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ.

ಚಿಕ್ಕಪ್ಪ: ನನಗೆ ಮೂತ್ರದಲ್ಲಿ ಕಲ್ಲು ಬಂದಾಗ ಡಾಕ್ಟರು, ದಿನಕ್ಕೆ ಎರಡು, ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಲೇಬೇಕೆಂದು ತಾಕೀತು ಮಾಡಿದ್ದರು. ಆದ್ದರಿಂದ ಅಳಿಯಂದಿರ ಸಲಹೆ ನನಗಂತೂ ಒಪ್ಪಿಗೆ.

ಮಂಗಳೂರಿನ ತಂಗಿ (ಚಿಕ್ಕಪ್ಪನ ಮಗಳು, ಆಸ್ಪತ್ರೆಯಲ್ಲಿ ನರ್ಸ್): ರಾತ್ರಿ ಪಾಳಿ ಮುಗಿಸಿ ಈಗಷ್ಟೇ ಗುಂಪನ್ನು ತೆರೆದೆ. ಅಪ್ಪ, ನಿಮಗೆ ಅದು ಸರಿ, ಏಕೆಂದರೆ ನಿಮ್ಮ ಕಲ್ಲನ್ನು ನೋಡಿ ಡಾಕ್ಟರು ನಿಮಗೆಂದೇ ಹೇಳಿದ ಮಾತದು. ಆದರೆ ಹೃದಯದ ಬಲ ಕುಗ್ಗಿದವರಿಗೂ ಮೂತ್ರಪಿಂಡ ಸೋತವರಿಗೂ ಎಷ್ಟೋ ಸಲ ನೀರನ್ನು ಅಳತೆ ಮಾಡಿ ಕಡಿಮೆ ಕುಡಿಯಲು ಹೇಳುತ್ತಾರೆ. ಹೊರಗೆ ಹೋಗದ ನೀರು ಕಾಲಿನಲ್ಲಿ, ಶ್ವಾಸಕೋಶದಲ್ಲಿ ತುಂಬಿಕೊಂಡು, ಮಲಗಿದರೆ ಉಸಿರು ಕಟ್ಟುವ ಸ್ಥಿತಿಗೆ ತಲಪಿದವರನ್ನು ನಮ್ಮ ವಾರ್ಡಿನಲ್ಲಿ ನೋಡುತ್ತಲೇ ಇರುತ್ತೇನೆ. ಈ ಗುಂಪಿನಲ್ಲಿ ಕಲ್ಲಿನವರೂ ಇದ್ದಾರೆ, ಹೃದಯದವರೂ ಇದ್ದಾರೆ. ಇಬ್ಬರಿಗೂ ಒಂದೇ ಲೋಟದ ಲೆಕ್ಕ ಕೊಡುವ ಸಂದೇಶ ಹಿತವಾದದ್ದು ಹೇಗಾಗುತ್ತದೆ, ದೊಡ್ಡಪ್ಪ?

ಭಾವ: ಹತ್ತು ಸಾವಿರ ಹೆಜ್ಜೆಯಾದರೂ ಉಳಿಯುತ್ತದೆಯೋ, ಅದೂ ಹೋಯಿತೋ?

ಬೆಂಗಳೂರಿನ ತಮ್ಮ: ಭಾವ, 1964ರ ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನಲ್ಲಿ ಹೆಜ್ಜೆ ಎಣಿಸುವ ಸಾಧನವೊಂದನ್ನು ಮಾರಲು ಇಟ್ಟ ಹೆಸರಿನಿಂದ ಬಂದ ಸಂಖ್ಯೆಯದು. ಸರಾಸರಿ 72 ವರ್ಷ ವಯಸ್ಸಿನ ಹದಿನಾರು ಸಾವಿರಕ್ಕೂ ಹೆಚ್ಚು ಅಮೆರಿಕನ್ ಮಹಿಳೆಯರನ್ನು ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 4,400 ಹೆಜ್ಜೆ ನಡೆದವರಲ್ಲಿಯೇ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆಯಿತ್ತು. 7,500ರ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ನಡೆಯುವುದು ಒಳ್ಳೆಯದೇ, ಹತ್ತು ಸಾವಿರವೆಂಬ ಹಟ ಬೇಡ. ನಮ್ಮ ಗುಡ್ಡದ ದಾರಿಯಲ್ಲಿ ಹತ್ತಿ ಇಳಿಯುವುದಕ್ಕೆ ಬೇರೆಯೇ ಲೆಕ್ಕ ಬೇಕು.

ದೊಡ್ಡಪ್ಪ ಉತ್ತರ ಬರೆಯುತ್ತಿದ್ದಾರೆಂದು ಪರದೆಯ ಮೇಲೆ ಕಾಣುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಕಾಣುತ್ತಿತ್ತು. ಅಷ್ಟರಲ್ಲಿ, ಗುಂಪಿನಲ್ಲಿ ಹುಟ್ಟುಹಬ್ಬದ ಶುಭಾಶಯ ಬಿಟ್ಟರೆ ಬೇರೇನೂ ಬರೆಯದ ದೊಡ್ಡಮ್ಮನ ಸಂದೇಶ ಬಂತು.

ದೊಡ್ಡಮ್ಮ: ನೀರಿನ ಈ ಸಲಹೆ ಹೋದ ವಾರವೂ ಬಂದಿತ್ತು. ಹೃದಯಕ್ಕೆ ಒಳ್ಳೆಯದೆಂದು ಬರೆದಿತ್ತಲ್ಲ ಎಂದು ಅಂದಿನಿಂದ ಬೆಳಗ್ಗೆ ಹೊತ್ತು ನಾಲ್ಕು ಲೋಟ ಕುಡಿಯುತ್ತಿದ್ದೇನೆ. ಡಾಕ್ಟರು ಅಳತೆ ಹೇಳಿದ್ದು ನೆನಪಿತ್ತು, ಆದರೆ ಅದು ಹಿಂದಿನ ಮಾತೆಂದುಕೊಂಡೆ. ಕಾಲು ಸ್ವಲ್ಪ ಬಾತಿದೆ.

ಮಂಗಳೂರಿನ ತಂಗಿ: ದೊಡ್ಡಮ್ಮ, ನಾನು ಈಗಲೇ ನಿಮಗೆ ಫೋನ್ ಮಾಡುತ್ತೇನೆ. ಡಾಕ್ಟರು ಹೇಳಿದ ಹಳೆಯ ಅಳತೆಗೆ ಇಂದಿನಿಂದಲೇ ಮರಳಿ. ಕಾಲಿನ ಬಾವಿನ ವಿಷಯವನ್ನು ಇವತ್ತೇ ಅವರಿಗೆ ತಿಳಿಸಬೇಕು. ಮಲಗಿದಾಗ ಉಸಿರು ಕಟ್ಟಿದಂತಾದರೆ ಫೋನಿಗಾಗಿ ಕಾಯದೆ ಆಸ್ಪತ್ರೆಗೆ ಹೊರಡಬೇಕು. ಭಾವ, ನಾಳೆಯ ಬುತ್ತಿಗೆ ಸಲಹೆ ಬೇಕಿದ್ದರೆ ಇದನ್ನು ಹಾಕಿ: ಹೃದಯದ ತೊಂದರೆಯಿರುವವರು ದಿನವೂ ಬೆಳಗ್ಗೆ ಶೌಚ ಮುಗಿಸಿ, ತಿಂಡಿಗೆ ಮೊದಲು, ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಬೇಕು, ಮೂರು ದಿನಗಳೊಳಗೆ 2 ಕಿಲೋ ಏರಿದರೆ ಅದು ಊಟದ ತೂಕವಲ್ಲ, ನೀರಿನ ತೂಕ, ಆಗ ಡಾಕ್ಟರಿಗೆ ಹೇಳಬೇಕು.

ಭಾವ: ದೊಡ್ಡ ಅತ್ತೆ, ಜೀಪು ತೆಗೆದುಕೊಂಡು ಅರ್ಧ ಗಂಟೆಯೊಳಗೆ ನೀರ್ಚಾಲಿಗೆ ಬರುತ್ತೇನೆ. ನೀವು ಹೊರಟು ಕುಳಿತಿರಿ.

ದೊಡ್ಡಮ್ಮ: ಅಷ್ಟೇನೂ ಅವಸರವಿಲ್ಲ, ತಿಂಡಿ ತಿಂದೇ ಬನ್ನಿ. ಆ ಮೂಗಿನ ವೈದ್ಯರ ವಿಷಯವನ್ನು ಇನ್ನೂ ಸ್ವಲ್ಪ ವಿವರವಾಗಿ ಯಾರಾದರೂ ಬರೆಯಿರಿ. ರಜೆಗೆಂದು ಬಂದಿರುವ ಮೊಮ್ಮಗನ ತಲೆದಿಂಬಿನಲ್ಲಿ ಎರಡು ಸಲ ರಕ್ತ ಕಂಡು, ಇವರಿಗೆ ಹೇಳಿದರೆ ಹೆದರುತ್ತಾರೆಂದು ಸುಮ್ಮನಿದ್ದೆ.

ಬೆಂಗಳೂರಿನ ತಮ್ಮ: ಅದೂ ಆ ಸಮೀಕ್ಷೆಯಲ್ಲಿದೆ, ದೊಡ್ಡಮ್ಮ. ಆ ಅಭ್ಯಾಸದಿಂದ ಆಗೊಮ್ಮೆ ಈಗೊಮ್ಮೆ ಮೂಗಿನಲ್ಲಿ ರಕ್ತ ಬಂದದ್ದುಂಟೆಂದು ನೂರರಲ್ಲಿ 25 ಮಂದಿ ಹೇಳಿದ್ದರು.

ಮಂಗಳೂರಿನ ತಂಗಿ: ಅವನ ಉಗುರುಗಳನ್ನು ಇಂದೇ ಕತ್ತರಿಸಿ. ರಕ್ತ ಬಂದಾಗ ತಲೆಯನ್ನು ಹಿಂದಕ್ಕೆ ಬಾಗಿಸಬಾರದು, ಗಂಟಲಿಗೆ ಇಳಿಯುತ್ತದೆ. ಕುಳ್ಳಿರಿಸಿ, ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತಗಿನ ಭಾಗವನ್ನು 10 ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ಮಧ್ಯೆ ಮಧ್ಯೆ ಬಿಟ್ಟು ನೋಡಬೇಡಿ. ಹಾಗೆ ಮಾಡಿಯೂ ನಿಲ್ಲದಿದ್ದರೆ, ಅಥವಾ ಪದೇ ಪದೇ ಬಂದರೆ, ಡಾಕ್ಟರಿಗೆ ತೋರಿಸಿ.

ದೊಡ್ಡಪ್ಪ: ಅಳಿಯಂದಿರೇ, ನೀರಿನ ಸಂದೇಶವನ್ನು ಅಳಿಸಿ. ಮೂಗಿನದ್ದು ಇರಲಿ, ಆದರೆ ನೊಬೆಲ್ ಎಂಬಲ್ಲಿ ಇಗ್ ನೊಬೆಲ್ ಎಂದು ತಿದ್ದಿ, 2001ನೆಯ ಇಸವಿಯೆಂದು ಸೇರಿಸಿ ಮತ್ತೊಮ್ಮೆ ಹಾಕಿ. ಸತ್ಯವಾದರೂ ಅಂಥದ್ದನ್ನು ಎಲ್ಲರ ತಿಂಡಿ ಮುಗಿದ ಮೇಲೆ ಹಾಕತಕ್ಕದ್ದು ಎಂಬ ನನ್ನ ಅಭಿಪ್ರಾಯದಲ್ಲಿ ಬದಲಾವಣೆಯಿಲ್ಲ.

ಭಾವ: ಇಲ್ಲಿ ಅಳಿಸಿದೆ, ದೊಡ್ಡ ಮಾವ. ಅಡಿಕೆ ಬೆಳೆಗಾರರ ಗುಂಪಿನಲ್ಲಿಯೂ ಹೇಳೋಣವೆಂದು ಹೋದರೆ, ಅಲ್ಲಿ ನೀರಿನ ಸಲಹೆಗೆ ಬೆಳಗ್ಗಿನಿಂದ ಕೈಮುಗಿದ ಚಿತ್ರಗಳು ಬರುತ್ತಲೇ ಇವೆ. ಮೂಗಿನ ಸುದ್ದಿ ಶುದ್ಧ ಸುಳ್ಳೆಂದು ಅಡ್ಮಿನ್ ಅದನ್ನು ಏಳು ಗಂಟೆಗೇ ತೆಗೆದುಹಾಕಿದ್ದಾರೆ.