ತಲೆಬುರುಡೆ ಮೇಕಪ್: ಬಿಳಿ ಬಣ್ಣ ಬಿರುಕು ಬಿಡುತ್ತದೆ, ಕಪ್ಪು ಕದಡುತ್ತದೆ, ಏನು ಮಾಡಲಿ?

ಪ್ರಶ್ನೆ: ಮೇಡಂ, ವೇಷದ ಪಾರ್ಟಿಗೆ ಮುಖವನ್ನು ತಲೆಬುರುಡೆಯ ಹಾಗೆ ಮಾಡಿಕೊಳ್ಳಬೇಕು. ನೀರಲ್ಲಿ ಕಲಸುವ ಬಿಳಿ ಫೇಸ್ ಪೇಂಟ್ ಹಚ್ಚಿ ನೋಡಿದರೆ ಅರ್ಧ ಗಂಟೆಯಲ್ಲೇ ಬಾಯಿಯ ಸುತ್ತ, ಮೂಗಿನ ಪಕ್ಕ ಬಿರುಕು ಬಿಟ್ಟು ಉದುರುತ್ತದೆ. ಮೇಲೆ ಕಪ್ಪು ಎಳೆದರೆ ಎರಡೂ ಸೇರಿ ಬೂದಿ ಬಣ್ಣ. ಬ್ರ್ಯಾಂಡ್ ಬದಲಿಸಬೇಕಾ?

ಉತ್ತರ: ಬ್ರ್ಯಾಂಡ್ ಆಮೇಲೆ ನೋಡೋಣ. ಬಿರುಕು ಬಿಡುವುದು ದಪ್ಪ ಹಚ್ಚಿದ್ದಕ್ಕೆ, ಕದಡುವುದು ನೀರಿನ ಬಣ್ಣದ ಸ್ವಭಾವಕ್ಕೆ. ಅದು ಒಣಗಿದ ಮೇಲೂ ತೇವ ತಾಗಿದರೆ ಮತ್ತೆ ಕರಗುತ್ತದೆ. ಒದ್ದೆ ಕಪ್ಪು ಬ್ರಷ್ ಅನ್ನು ಅದೇ ಜಾಗದಲ್ಲಿ ಎರಡು ಮೂರು ಸಲ ಆಡಿಸಿದರೆ ಅಡಿಯ ಬಿಳಿ ಎದ್ದು ಬರದೆ ಇರುವುದಿಲ್ಲ.

ನೀರಿನ ಬಣ್ಣವನ್ನೇ ಬಳಸುವುದಾದರೆ ಸ್ಪಂಜನ್ನು ಚೆನ್ನಾಗಿ ಹಿಂಡಿಕೊಳ್ಳಿ. ಬಣ್ಣದ ಬಿಲ್ಲೆಯ ಮೇಲೆ ಆಡಿಸುವಾಗ ನೊರೆ ಬಂತೆಂದರೆ ನೀರು ಜಾಸ್ತಿಯಾಗಿದೆ; ಬಣ್ಣ ಕೆನೆಯಷ್ಟು ಗಟ್ಟಿ ಇರಬೇಕು. ಎಳೆಯದೆ, ತಟ್ಟಿ ತಟ್ಟಿ ತೆಳುವಾಗಿ ಒಂದು ಪದರ ಹಚ್ಚಿ, ಪೂರ್ತಿ ಒಣಗಿದ ಮೇಲೆ ಇನ್ನೊಂದು. ತುಟಿಯ ಅಂಚು, ಮೂಗಿನ ಪಕ್ಕದ ಗೆರೆ ಸದಾ ಅಲ್ಲಾಡುವ ಜಾಗಗಳು, ಅಲ್ಲಿಗೆ ಒಂದೇ ಪದರ ಸಾಕು. ಮಾಯಿಶ್ಚರೈಸರ್ ಹಚ್ಚಿದ್ದರೆ ಹತ್ತು ಹದಿನೈದು ನಿಮಿಷ ಬಿಟ್ಟು ಟಿಶ್ಯೂನಿಂದ ಒತ್ತಿ ತೆಗೆಯಿರಿ. ಜಿಡ್ಡು ಉಳಿದರೆ ನೀರಿನ ಬಣ್ಣ ಕೂರುವುದಿಲ್ಲ.

ಆದರೆ ನಾಲ್ಕೈದು ಗಂಟೆ ಕುಣಿಯುವ, ಬೆವರುವ ಕಾರ್ಯಕ್ರಮವಾದರೆ ಬಿಳಿಗೆ ಗ್ರೀಸ್ ಪೇಂಟ್, ಅಂದರೆ ಎಣ್ಣೆ-ಮೇಣದಲ್ಲಿ ಕಲಸಿದ ಮುಖದ ಬಣ್ಣ, ವಾಸಿ. ಅದು ತಾನಾಗಿ ಒಣಗುವುದಿಲ್ಲ, ಪೌಡರೇ ಅದನ್ನು ಕೂರಿಸಬೇಕು. ತೆಳುವಾಗಿ ತಟ್ಟಿ ಹಚ್ಚಿ, ಬಣ್ಣವಿಲ್ಲದ ಪೌಡರನ್ನು ಪಫ್‌ನಲ್ಲಿ ಧಾರಾಳವಾಗಿ ತೆಗೆದುಕೊಂಡು ಒತ್ತಿ. ಉಜ್ಜಬಾರದು. ಮೂರ್ನಾಲ್ಕು ನಿಮಿಷ ಬಿಟ್ಟು ಮೆತ್ತನೆ ಬ್ರಷ್‌ನಿಂದ ಹೆಚ್ಚಿನದನ್ನು ಕೊಡವಿ. ಬೆರಳಿಗೆ ಬಿಳಿ ಅಂಟಿದರೆ ಇನ್ನೊಂದು ಸುತ್ತು ಪೌಡರ್. ಇದರ ಮೇಲೆ ನೀರಿನ ಕಪ್ಪು ಎಳೆದರೆ ಗೆರೆ ಅಚ್ಚುಕಟ್ಟಾಗಿ ನಿಲ್ಲುತ್ತದೆ. ಮೊದಲು ಗ್ರೀಸ್, ನಡುವೆ ಪೌಡರ್, ಮೇಲೆ ನೀರಿನ ಬಣ್ಣ: ಈ ಕ್ರಮ ತಪ್ಪಿದರೆ ಎಂಥ ದುಬಾರಿ ಪೇಂಟೂ ಕೈಕೊಡುತ್ತದೆ.

ಇನ್ನೊಂದು ಮಾತು. ಬರೀ ಗೆರೆಯಲ್ಲ, ಪೂರ್ತಿ ಕಪ್ಪು ಬರುವ ಜಾಗಕ್ಕೆ ಬಿಳಿ ಹಚ್ಚಲೇಬೇಡಿ. ಕಣ್ಣಿನ ಸುತ್ತ ಬೆರಳಿಂದ ಒತ್ತಿದರೆ ಗುಳಿಯ ಮೂಳೆ ಕೈಗೆ ಸಿಗುತ್ತದೆ. ಅದರ ಅಂಚನ್ನೇ ಹುಬ್ಬಿನ ಪೆನ್ಸಿಲ್‌ನಿಂದ ಗುರುತು ಮಾಡಿ. ಕೆನ್ನೆಮೂಳೆಯ ಕೆಳಗಿನ ಹಳ್ಳ, ಹಣೆಯ ಪಕ್ಕದ ತಗ್ಗು, ಮೂಗಿನ ತುದಿ ಇವೂ ಹಾಗೆಯೇ. ಅಂತರ್ಜಾಲದ ಚಿತ್ರ ನೋಡಿ ನಕಲು ಮಾಡಿದ ಬುರುಡೆ ನಿಮ್ಮ ಮುಖಕ್ಕೆ ಹೊಂದದಿರುವುದು ಈ ಗುರುತು ಹಾಕದ ಕಾರಣಕ್ಕೆ. ಹಳ್ಳದ ಅಂಚಿಗೆ ಕಪ್ಪು ಐಶ್ಯಾಡೋ ಸವರಿ ಮಸುಕು ಮಾಡಿದರೆ ಆಳ ಬರುತ್ತದೆ. ಬರೀ ಗೆರೆ ಎಳೆದರೆ ಮುಖವಾಡದ ಹಾಗೆ ಚಪ್ಪಟೆ.

ಪ್ರಶ್ನೆ: ಹುಬ್ಬು ದಟ್ಟ ಇದೆ ಮೇಡಂ, ಬಿಳಿಯ ಮೇಲೆ ಎದ್ದು ಕಾಣುತ್ತದೆ. ಬೋಳಿಸದೆ ಮುಚ್ಚಬಹುದಾ?

ಉತ್ತರ: ಬೋಳಿಸಬೇಡಿ. ನೀರಲ್ಲಿ ತೊಳೆದು ಹೋಗುವ, ವಿಷವಲ್ಲದ ಗ್ಲೂ ಸ್ಟಿಕ್ ಸಾಕು. ಹುಬ್ಬಿನ ಜಿಡ್ಡು ಒರೆಸಿ, ಮೊದಲು ಕೂದಲಿಗೆ ಎದುರಾಗಿ ಹಚ್ಚಿ, ಆಮೇಲೆ ಮೇಲ್ಮುಖವಾಗಿ ಬಾಚಿ ಚರ್ಮಕ್ಕೆ ಒತ್ತಿ. ಒಣಗಿದ ಮೇಲೆ ಪೌಡರ್, ಮತ್ತೆ ಗ್ಲೂ. ಮೂರು ಪದರದ ಹೊತ್ತಿಗೆ ಮೇಲ್ಮೈ ನುಣ್ಣಗಾಗುತ್ತದೆ. ಕೂದಲಿನ ಕಪ್ಪು ಬೂದುಬೂದಾಗಿ ಇಣುಕಿದರೆ ಬಿಳಿಗೆ ಮುಂಚೆ ಕಿತ್ತಳೆ ಬಣ್ಣದ ಕರೆಕ್ಟರ್ (ಕಪ್ಪು ಛಾಯೆ ಮರೆಮಾಡುವ ಕ್ರೀಮ್) ತೆಳುವಾಗಿ ಹಚ್ಚಿ. ಒಂದು ಪದರ ಒಣಗುವ ಮೊದಲೇ ಮುಂದಿನದಕ್ಕೆ ಕೈ ಹಾಕಿದರೆ ಎಲ್ಲ ಉಂಡೆಯಾಗಿ ಏಳುತ್ತದೆ.

ಪ್ರಶ್ನೆ: ಕೆನ್ನೆ ಮೇಲೆ ಹರಿದ ಗಾಯ ಬೇಕು. ಲಿಕ್ವಿಡ್ ಲ್ಯಾಟೆಕ್ಸ್ (ಒಣಗಿದರೆ ರಬ್ಬರ್ ಪೊರೆಯಾಗುವ ದ್ರವ) ತಂದಿದ್ದೇನೆ.

ಉತ್ತರ: ಬಲೂನು, ರಬ್ಬರ್ ಗ್ಲೌಸ್ ಮುಟ್ಟಿದರೆ ತುರಿಕೆ ಬರುವವರು ಇದನ್ನು ಮುಟ್ಟಲೇಬಾರದು. ಉಳಿದವರೂ ಮೊಣಕೈ ಒಳಭಾಗಕ್ಕೆ ಹಚ್ಚಿ 24 ಗಂಟೆ ನೋಡಿ. ಅಮೋನಿಯಾ ಇರುವುದರಿಂದ ಕಣ್ಣಿನ ಹತ್ತಿರ ಬೇಡ, ಹುಬ್ಬು ಗಡ್ಡಕ್ಕೆ ತಾಗಿದರೆ ಕೂದಲ ಸಮೇತ ಕಿತ್ತು ಬರುತ್ತದೆ.

ಲ್ಯಾಟೆಕ್ಸ್ ಸವರಿ, ಒಂದೇ ಪದರದ ಟಿಶ್ಯೂ ಅಂಟಿಸಿ, ಮೇಲೆ ಮತ್ತೆ ಲ್ಯಾಟೆಕ್ಸ್. ಟಿಶ್ಯೂವನ್ನು ಕತ್ತರಿಸದೆ ಕೈಯಿಂದ ಹರಿಯಿರಿ, ಅಂಚು ಚರ್ಮದಲ್ಲಿ ಲೀನವಾಗುತ್ತದೆ. ಹೇರ್ ಡ್ರೈಯರ್‌ನ ತಣ್ಣನೆ ಗಾಳಿಯಲ್ಲಿ ಒಣಗಿಸಿ, ಹೀಗೆ ಎರಡು ಮೂರು ಸಲ. ಕೊನೆಗೆ ಪೌಡರ್, ಇಲ್ಲದಿದ್ದರೆ ಲ್ಯಾಟೆಕ್ಸ್ ತನಗೆ ತಾನೇ ಅಂಟಿಕೊಳ್ಳುತ್ತದೆ. ನಡುಭಾಗವನ್ನು ಚಿವುಟಿ ಎತ್ತಿ ಹರಿದು, ಒಳಗೆ ಕಡುಗೆಂಪು, ಇನ್ನೂ ಆಳಕ್ಕೆ ಕಪ್ಪು. ಇಲ್ಲಿ ಗ್ರೀಸ್ ಪೇಂಟ್ ಬೇಡ, ಎಣ್ಣೆ ಲ್ಯಾಟೆಕ್ಸನ್ನು ಮೆತ್ತಗೆ ಮಾಡುತ್ತದೆ.

ರಕ್ತಕ್ಕೆ ನಾಲ್ಕು ಚಮಚ ಕಾರ್ನ್ ಸಿರಪ್ (ಮೆಕ್ಕೆಜೋಳದ ಸಿಹಿ ಪಾಕ), ಕೆಂಪು ಫುಡ್ ಕಲರ್, ಅರ್ಧ ಚಮಚ ಕೊಕೊ ಪುಡಿ. ಕೊಕೊ ಇಲ್ಲದಿದ್ದರೆ ಶರಬತ್ತಿನ ಹಾಗೆ ಪಾರದರ್ಶಕವಾಗಿ ಕಾಣುತ್ತದೆ. ಪಾರ್ಟಿಯಲ್ಲಿ ಕೆಂಪು ದೀಪ ಇದೆಯಾ ಕೇಳಿಕೊಳ್ಳಿ. ಆ ಬೆಳಕಿನಲ್ಲಿ ಕೆಂಪು ಮಾಯವಾಗುತ್ತದೆ, ಗಾಯದ ಅಂಚಿಗೆ ಕಪ್ಪು ಇದ್ದರಷ್ಟೇ ಕಾಣುವುದು.

ಪ್ರಶ್ನೆ: ಚಿತ್ರಕಲೆಯ ಅಕ್ರಿಲಿಕ್, ಕ್ರಾಫ್ಟ್ ಗ್ಲಿಟರ್ ನಡೆಯುತ್ತದಾ? ಕಣ್ಣಿಗೆ ಬಿಳಿ ಕಾಂಟ್ಯಾಕ್ಟ್ ಲೆನ್ಸ್?

ಉತ್ತರ: ಅಕ್ರಿಲಿಕ್ ಬೇಡ, ಡಬ್ಬಿಯ ಮೇಲೆ ‘ನಾನ್ ಟಾಕ್ಸಿಕ್’ ಎಂದಿದ್ದರೂ ಅದು ಚರ್ಮಕ್ಕಾಗಿ ಮಾಡಿದ್ದಲ್ಲ. ಕ್ರಾಫ್ಟ್ ಗ್ಲಿಟರ್‌ನ ಅಂಚು ಚೂಪು, ಕಣ್ಣಿಗೆ ಬಿದ್ದರೆ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಗೀರುತ್ತದೆ; ಕಾಸ್ಮೆಟಿಕ್ ಗ್ಲಿಟರನ್ನೇ ಬಳಸಿ. ಲೆನ್ಸ್ ಬೇಕೇ ಬೇಕಾದರೆ ಕಣ್ಣಿನ ವೈದ್ಯರಿಂದ ಅಳತೆ ಮಾಡಿಸಿಕೊಂಡದ್ದು ಮಾತ್ರ. ಮೇಕಪ್‌ಗೆ ಮೊದಲು ಹಾಕಿ, ಮೇಕಪ್ ತೆಗೆಯುವ ಮೊದಲು ತೆಗೆಯಿರಿ. ಗೆಳೆಯರ ಲೆನ್ಸ್ ಎರವಲು ಬೇಡವೇ ಬೇಡ.

ಪ್ರಶ್ನೆ: ತೆಗೆಯುವುದು ಹೇಗೆ? ಸೋಪು ಹಾಕಿದರೂ ಹೋಗಲ್ಲ.

ಉತ್ತರ: ಗ್ರೀಸ್ ಪೇಂಟ್ ನೀರಿಗೆ ಜಗ್ಗುವುದಿಲ್ಲ. ಮೇಕಪ್ ತೆಗೆಯುವ ಕ್ಲೆನ್ಸಿಂಗ್ ಆಯಿಲ್ ಅಥವಾ ಕ್ಲೆನ್ಸಿಂಗ್ ಬಾಮ್ (ನೋವಿನ ಬಾಮ್ ಅಲ್ಲ) ಅನ್ನು ಒಣ ಮುಖಕ್ಕೆ ಒಂದು ನಿಮಿಷ ಮಸಾಜ್ ಮಾಡಿ, ಟಿಶ್ಯೂನಿಂದ ಒರೆಸಿ, ಆಮೇಲೆ ಫೇಸ್ ವಾಶ್. ಲ್ಯಾಟೆಕ್ಸ್ ಇದ್ದರೆ ಅಂಚಿಗೆ ಎಣ್ಣೆ ಸವರಿ ನಿಧಾನವಾಗಿ ಸುಲಿಯಿರಿ. ಗ್ಲೂ ಹಾಕಿದ ಹುಬ್ಬಿಗೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು, ಸುಡದಷ್ಟು ಬಿಸಿ ಇದ್ದಾಗ, ಎರಡು ನಿಮಿಷ ಇಟ್ಟರೆ ಅಂಟು ಕರಗುತ್ತದೆ. ಫುಡ್ ಕಲರ್‌ನ ಕೆಂಪು ಕಲೆ ಉಳಿದರೆ ತಿಕ್ಕಿ ಚರ್ಮ ಕೆಡಿಸಿಕೊಳ್ಳಬೇಡಿ, ಒಂದೆರಡು ದಿನದಲ್ಲಿ ತಾನೇ ಹೋಗುತ್ತದೆ.