ಹಳೇ ಲ್ಯಾಪ್‌ಟಾಪ್‌ಗೆ ಎರಡು ಮಾನಿಟರ್: ಒಂದು ಹತ್ತಿದ್ರೆ ಇನ್ನೊಂದು ಆರ್ತೈತಿ

ಹೊಂಡದಸರ್ಕಲ್ (ದಾವಣಗೆರೆ):
ಡಿಟಿಪಿ ಕೆಲಸಕ್ಕೆ ಎರಡು ಮಾನಿಟರ್ ಬೇಕಾಗೈತಿ. ಲ್ಯಾಪ್‌ಟಾಪ್ ಕೋರ್ ಐ5-3210ಎಂ, 8 ಜಿಬಿ ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ವಿಂಡೋಸ್ 10. ಒಂದು ಎಚ್‌ಡಿಎಂಐ, ಒಂದು ವಿಜಿಎ, ನೀಲಿ ಯುಎಸ್‌ಬಿ ಎರಡು ಅದಾವೆ. 22 ಇಂಚಿನದು (1920×1080) ಎಚ್‌ಡಿಎಂಐಗೆ, 19 ಇಂಚಿನ ಹಳೇದು (1440×900) ವಿಜಿಎಗೆ ಹಾಕೀನಿ. ಯಾವುದಾದ್ರೂ ಒಂದೇ ಹಾಕಿದ್ರೆ ಲ್ಯಾಪ್‌ಟಾಪ್ ಪರದೆ ಜೊತೆ ಚೆನ್ನಾಗಿ ಬರ್ತೈತಿ. ಎರಡೂ ಹಾಕಿದ್ರೆ ಸೆಟ್ಟಿಂಗ್ಸ್‌ನಾಗೆ 1, 2, 3 ಮೂರೂ ಕಾಣ್ತಾವೆ, ಆದ್ರೆ ಮೂರನೇದು ಆನ್ ಮಾಡಿದ ಕೂಡಲೇ ಇನ್ನೊಂದು ಆರಿ ಹೋಗ್ತೈತಿ. ರ‍್ಯಾಮ್ ಏರಿಸಿದ್ರೆ ಸರಿ ಹೋಗ್ತೈತಿ ಅಂತಾರೆ ಅಂಗಡಿಯವರು. ಹೌದಾ?

ಭರಮಸಾಗರ:
ಎಚ್‌ಡಿಎಂಐ ಸ್ಪ್ಲಿಟರ್ ತಗೊಂಡು ಎರಡೂ ಅದಕ್ಕೇ ಹಾಕಿಬಿಡಿ ಅಣ್ಣ.

ಕೋಟೆನಾಡು (ಚಿತ್ರದುರ್ಗ):
ಸ್ಪ್ಲಿಟರ್ ಬೇಡ. ಅದು ಒಂದೇ ಚಿತ್ರವನ್ನ ಎರಡು ಕಡೆ ತೋರಿಸುತ್ತೆ ಅಷ್ಟೇ, ಎರಡು ಬೇರೆ ಪರದೆ ಆಗಲ್ಲ. ರ‍್ಯಾಮ್ ಮಾತೂ ಸುಳ್ಳು. 1920×1080ರ ಒಂದು ಫ್ರೇಮ್‌ಗೆ ಬೇಕಾಗೋದು ಸುಮಾರು 8 ಎಂಬಿ. ನಿಮ್ಮ ಹತ್ರ 8 ಜಿಬಿ ಇದೆ!

ಅಸಲು ಕಾರಣ ಗ್ರಾಫಿಕ್ಸ್ ಒಳಗಿನ ಕ್ಲಾಕ್. ನಿಮ್ಮದು ಇಂಟೆಲ್ ಮೂರನೇ ತಲೆಮಾರು, 2012ರದ್ದು, ಒಳಗಿನ ಗ್ರಾಫಿಕ್ಸ್ ಹೆಸರು ಎಚ್‌ಡಿ 4000. ಮೂರು ಪರದೆಗೆ ಬೇಕಾದ ದಾರಿ ಅದರಲ್ಲಿದೆ, ಆದರೆ ಆ ದಾರಿಗಳಿಗೆ ತಾಳ ಹಾಕೋ ಕ್ಲಾಕ್ ಎರಡೇ. ಲ್ಯಾಪ್‌ಟಾಪ್‌ನ ಸ್ವಂತ ಪರದೆಗೆ ಒಂದು, ಎಚ್‌ಡಿಎಂಐಗೆ ಒಂದು ಹೋದರೆ ವಿಜಿಎಗೆ ಉಳಿಯೋದಿಲ್ಲ. ಡಿಸ್‌ಪ್ಲೇಪೋರ್ಟ್ (ಮಾನಿಟರ್‌ಗೆ ಇರೋ ಇನ್ನೊಂದು ಥರದ ಸಾಕೆಟ್) ಆಗಿದ್ದರೆ ಎರಡು ಮಾನಿಟರ್ ಸೇರಿ ಒಂದೇ ಕ್ಲಾಕ್ ಹಂಚಿಕೊಳ್ತವೆ. ಅದಕ್ಕೇ ಥಿಂಕ್‌ಪ್ಯಾಡ್ ಟಿ430 ಥರದ ಲ್ಯಾಪ್‌ಟಾಪ್‌ಗಳು ಡಾಕ್ (ಹೆಚ್ಚಿನ ಸಾಕೆಟ್ ಕೊಡೋ ಪೀಠ) ಮೇಲೆ ಕೂತರೆ ಮೂರು ಪರದೆ ಓಡಿಸುತ್ತವೆ. ಅಲ್ಲೂ ಡಿಸ್‌ಪ್ಲೇಪೋರ್ಟ್‌ಗೆ ಸಾದಾ ಎಚ್‌ಡಿಎಂಐ ಅಡಾಪ್ಟರ್ ಸಿಗಿಸಿದರೆ ಮತ್ತೆ ಕ್ಲಾಕ್ ತಿನ್ನುತ್ತೆ, ಸಿಗ್ನಲ್‌ನ ತಾನೇ ಬದಲಿಸೋ ಆಕ್ಟಿವ್ ಅಡಾಪ್ಟರೇ ಬೇಕು. ಎರಡನೇ ತಲೆಮಾರಿನದಾಗಿದ್ದರೆ (ಎಚ್‌ಡಿ 3000) ಡಾಕ್ ಇದ್ದರೂ ಎರಡೇ.

ನಿಮಗೆ ಖರ್ಚಿಲ್ಲದ ದಾರಿ ಇದೆ: ಲ್ಯಾಪ್‌ಟಾಪ್ ಪರದೆ ಬಿಟ್ಟುಕೊಡಿ. ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್, ಡಿಸ್‌ಪ್ಲೇ ಸೆಟ್ಟಿಂಗ್ಸ್. 1 ಅನ್ನೋ ಚೌಕ ಆರಿಸಿ ಕೆಳಗೆ ಮಲ್ಟಿಪಲ್ ಡಿಸ್‌ಪ್ಲೇಸ್‌ನಲ್ಲಿ ‘ಡಿಸ್‌ಕನೆಕ್ಟ್ ದಿಸ್ ಡಿಸ್‌ಪ್ಲೇ’ ಕೊಟ್ಟು ಅಪ್ಲೈ ಮಾಡಿ. ಇದು ಮೊದಲು. ಆಮೇಲೆ 3 ಆರಿಸಿ ‘ಎಕ್ಸ್‌ಟೆಂಡ್’ ಕೊಡಿ. ಹಿಂದುಮುಂದು ಮಾಡಿದರೆ ಮತ್ತೆ ಅದೇ ಗೋಳು. ಮುಚ್ಚಳ ಮುಚ್ಚಬೇಕಂದ್ರೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಚಾರ್ಜರ್ ಹಾಕಿದ್ದಾಗ ಮುಚ್ಚಿದರೆ ‘ಡೂ ನಥಿಂಗ್’ ಅಂತ ಇಡಿ. ಕೀಬೋರ್ಡ್ ಸಂದಿಯಿಂದ ಗಾಳಿ ಎಳೆಯೋ ಮಾಡೆಲ್ ಆದರೆ ಅರ್ಧ ತೆರೆದೇ ಇಡಿ, ನಮ್ಮ ಬೇಸಿಗೆಗೆ ಅದೇ ವಾಸಿ.

ಹಾಳೆಮನೆ:
ಮೂರೂ ಬೇಕೇ ಬೇಕು ಅಂದ್ರೆ ಡಿಸ್‌ಪ್ಲೇಲಿಂಕ್ ಚಿಪ್ (ಯುಎಸ್‌ಬಿ ಮೂಲಕವೇ ಮಾನಿಟರ್‌ಗೆ ಚಿತ್ರ ಕೊಡೋದು) ಇರೋ ಯುಎಸ್‌ಬಿ 3.0 ಅಡಾಪ್ಟರ್ ತಗೊಳ್ಳಿ. ಡಬ್ಬಿ ಮೇಲೆ ಚಿಪ್ ಹೆಸರು ನೋಡೇ ತಗೊಳ್ಳಿ, ಬರೀ ‘ಯುಎಸ್‌ಬಿ ಟು ಎಚ್‌ಡಿಎಂಐ’ ಅಂತಿದ್ರೆ ಡ್ರೈವರ್ ಹುಡುಕೋದೇ ಕೆಲಸ ಆಗುತ್ತೆ. ನೀಲಿ ಸಾಕೆಟ್‌ಗೆ ನೇರವಾಗಿ ಹಾಕಿ, ಹಬ್ ಮೂಲಕ ಬೇಡ. ಲೆಕ್ಕ ನೋಡಿ: 1080, 60 ಹರ್ಟ್ಸ್ ಚಿತ್ರಕ್ಕೆ ಹಿಂಡದೇ (ಕಂಪ್ರೆಸ್ ಮಾಡದೇ) ಕಳಿಸಿದ್ರೆ ಸೆಕೆಂಡಿಗೆ ಸುಮಾರು 3 ಗಿಗಾಬಿಟ್ ಬೇಕು. ಯುಎಸ್‌ಬಿ 2.0 ಕೊಡೋದು 0.48, 3.0 ಕೊಡೋದು 5. ಹಿಂಡೋ ಕೆಲಸ ಪ್ರೊಸೆಸರ್ ತಲೆ ಮೇಲೆ ಬೀಳುತ್ತೆ. ನುಡಿ, ಟ್ಯಾಲಿ, ಪುಟವಿನ್ಯಾಸಕ್ಕೆ ಅಡ್ಡಿಯಿಲ್ಲ. ವಿಡಿಯೋ ಆ ಪರದೆಯಲ್ಲಿ ಹಾಕಬೇಡಿ, ತಡವರಿಸುತ್ತೆ.

ಹೊಂಡದಸರ್ಕಲ್:
ಕೋಟೆನಾಡು ಸಾರ್, 1 ಬಿಟ್ಟುಕೊಟ್ಟೆ, ಎರಡೂ ಬಂದ್ವು! ಆದ್ರೆ 19 ಇಂಚಿನದ್ರಾಗೆ ಅಕ್ಷರದ ಪಕ್ಕ ಬೂದು ನೆರಳು. ಒತ್ತಕ್ಷರ ಓದಾಕ ಕಷ್ಟ. ಇನ್ನೊಂದು, ಕೇಬಲ್ ಸಿಗಿಸುವಾಗ ಬೆರಳಿಗೆ ಜುಮ್ ಅಂತೈತಿ.

ಕೋಟೆನಾಡು:
ನೆರಳು ವಿಜಿಎ ಕೇಬಲ್‌ದು. ಮೊದಲು ರೆಸಲ್ಯೂಷನ್ ಸರಿಯಾಗಿ 1440×900 ಇದೆಯಾ ನೋಡಿ, ಪರದೆ ತುಂಬ ನುಡಿ ಪುಟ ತೆರೆದು ಮಾನಿಟರ್‌ನ ಆಟೋ ಬಟನ್ ಒತ್ತಿ. ಖಾಲಿ ಡೆಸ್ಕ್‌ಟಾಪ್‌ನಲ್ಲಿ ಒತ್ತಿದರೆ ಅಂಚು ಎಲ್ಲಿ ಅಂತ ಅದಕ್ಕೆ ಗೊತ್ತಾಗದೆ ತಪ್ಪು ಹೊಂದಿಸುತ್ತೆ. ಹೋಗಲಿಲ್ಲ ಅಂದ್ರೆ ಕೇಬಲ್ ಬದಲಿಸಿ: ಒಂದೂವರೆ ಮೀಟರ್, ದಪ್ಪನೆಯದು, ತುದಿಯಲ್ಲಿ ಕಪ್ಪು ಗುಂಡು ಇರೋದು. ಎರಡೂ ತಿರುಪು ಬಿಗಿ ಮಾಡಿ. 19 ಇಂಚಿನದಕ್ಕೆ ಅಕ್ಷರ ಸ್ವಲ್ಪ ದೊಡ್ಡದಾಗೇ ಕಾಣುತ್ತೆ, ಇಂಚಿಗೆ 89 ಚುಕ್ಕಿ, 22 ಇಂಚಿನದಕ್ಕೆ 100ರ ಮೇಲೆ. ಅದು ದೋಷ ಅಲ್ಲ.

ಜುಮ್ ಅನ್ನೋದನ್ನ ಹಗುರವಾಗಿ ತಗೋಬೇಡಿ. ಪ್ಲಗ್‌ನಲ್ಲಿ ಅರ್ಥಿಂಗ್ ಇಲ್ಲ ಅಂದ್ರೆ ಚಾರ್ಜರ್‌ನ ಫಿಲ್ಟರ್ ಕೆಪಾಸಿಟರ್ ದೆಸೆಯಿಂದ ಲೋಹದ ಭಾಗ ನೂರರ ಆಸುಪಾಸಿನ ವೋಲ್ಟ್‌ನಲ್ಲಿ ತೇಲುತ್ತಾ ಇರುತ್ತೆ. ಮನುಷ್ಯನಿಗೆ ಜುಮ್, ಎಚ್‌ಡಿಎಂಐ ಚಿಪ್‌ಗೆ ಸಾವು. ಮೂರು ಪಿನ್ನಿನ ಪ್ಲಗ್‌ನ ಮೇಲಿನ ದಪ್ಪ ಪಿನ್ ಮುರಿದಿದೆಯಾ, ಎಕ್ಸ್‌ಟೆನ್ಷನ್ ಬೋರ್ಡ್‌ನಲ್ಲಿ ಹಸಿರು ವೈರ್ ಬಿಟ್ಟಿದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಅಲ್ಲಿವರೆಗೆ ಎಲ್ಲ ಪ್ಲಗ್ ಕಿತ್ತು, ಕೇಬಲ್ ಸಿಗಿಸಿ, ಆಮೇಲೆ ಕರೆಂಟ್ ಕೊಡಿ.